20 ಸೆಕೆಂಡಿನ ವಾಯ್ಸ್ ಚಿಪ್: "ಸಾಕು" ಅಂದರೆ "ಹಾಕು" ಅಂತ ಕೇಳಿಸುತ್ತಿದೆ, ಏನು ಮಾಡಲಿ?

ಮೇಲ್ಮಹಡಿ
ಎಲ್ಲರಿಗೂ ನಮಸ್ಕಾರ. ಐಎಸ್‌ಡಿ 1820 (ದನಿ ರೆಕಾರ್ಡ್ ಮಾಡಿ ಮತ್ತೆ ಹೇಳುವ ಚಿಪ್) ಮಾಡ್ಯೂಲ್ ಹಾಕಿ ನೀರಿನ ಟ್ಯಾಂಕಿಗೆ ಮಾತಾಡುವ ಅಲಾರಂ ಮಾಡಿದ್ದೇನೆ. ಟ್ಯಾಂಕಿನಲ್ಲಿ ನೀರಿನ ಮೇಲೆ ತೇಲುವ ಫ್ಲೋಟ್ ಸ್ವಿಚ್, ಕೆಳಗೆ ಅಡುಗೆಮನೆಯಲ್ಲಿ ಸ್ಪೀಕರ್ ಡಬ್ಬಿ. ತುಂಬಿದ ಕೂಡಲೇ ನನ್ನದೇ ದನಿಯಲ್ಲಿ "ನೀರು ತುಂಬಿದೆ, ಮೋಟಾರ್ ಸಾಕು" ಅಂತ ಹೇಳಬೇಕು. ಹೇಳುತ್ತದೆ ಕೂಡ. ಆದರೆ ಅಮ್ಮನಿಗೆ ಅದು "ಮೋಟಾರ್ ಹಾಕು" ಅಂತ ಕೇಳಿಸುತ್ತದೆ!

ಮೊನ್ನೆ ನಾನು ಮನೆಯಲ್ಲಿರಲಿಲ್ಲ. ಅಮ್ಮ ಗಡಿಯಾರ ನೋಡಿ ತಾವೇ ಮೋಟಾರ್ ಆರಿಸಲು ಹೋಗಿದ್ದಾರೆ. ಅಷ್ಟರಲ್ಲಿ ಡಬ್ಬಿ ಮಾತಾಡಿದೆ. "ಹಾಕು ಅಂತಿದ್ದಾನಲ್ಲ, ಇನ್ನೂ ತುಂಬಿಲ್ಲವೇನೋ" ಅಂತ ಸ್ವಿಚ್ಚಿನಿಂದ ಕೈ ತೆಗೆದು ವಾಪಸ್ ಬಂದಿದ್ದಾರೆ. ಮಿಕ್ಕಿದ್ದು ನೀವೇ ಊಹಿಸಿ. ಮೆಟ್ಟಿಲು ಇನ್ನೂ ಒಣಗಿಲ್ಲ.

ಬೋರ್ಡಿನಲ್ಲಿದ್ದ 100 ಕಿಲೋ ಓಮ್ ರೆಸಿಸ್ಟರ್ ತೆಗೆದು 200 ಹಾಕಿದ್ದೇನೆ, 20 ಸೆಕೆಂಡ್ ಸಿಗಲಿ ಅಂತ. ಫೋನ್ ಚಾರ್ಜರಿನ 5 ವೋಲ್ಟ್, 8 ಓಮ್ ಸ್ಪೀಕರ್. ನಾನು ಕೇಳಿದರೆ "ಸಾಕು" ಅಂತಲೇ ಕೇಳಿಸುತ್ತದೆ. ಮೈಕ್ ಕೆಟ್ಟಿದೆಯಾ? ಸ್ಪೀಕರ್ ಬದಲಿಸಲಾ?

ಬೆಸುಗೆ ಕಡ್ಡಿ
ಮೈಕೂ ಅಲ್ಲ, ಸ್ಪೀಕರೂ ಅಲ್ಲ. ಆ 200 ಕಿಲೋ ಓಮೇ ಕಳ್ಳ. ವಾಪಸ್ 100 ಹಾಕಿ.

ಸುಮ್ನೆ ಓದೋನು
ನಕ್ಕು ನಕ್ಕು ಸಾಕಾಯಿತು. ಅಥವಾ ಹಾಕಾಯಿತು.

ನೇರ ಮಾತು
ಇಷ್ಟೆಲ್ಲ ಯಾಕೆ ಮಾರಾಯ್ರೆ, ಒಂದು ಬಜರ್ ಇಟ್ಟರೆ ಆಗುವುದಿಲ್ಲವಾ? ಕೂಗಿದರೆ ತುಂಬಿತು ಅಂತ ಅರ್ಥ. ಬಜರ್ ಯಾವತ್ತೂ "ಹಾಕು" ಅನ್ನುವುದಿಲ್ಲ.

ಮೇಲ್ಮಹಡಿ
ಬಜರ್ ಮೊದಲೇ ಇತ್ತು ಸರ್. ಕುಕ್ಕರ್, ಕರೆಗಂಟೆ, ವಾಷಿಂಗ್ ಮಷೀನ್, ಎಲ್ಲವೂ ಕೂಗುತ್ತವೆ. ಯಾವುದು ಯಾವುದೆಂದು ಅಮ್ಮನಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಮಾತು ಬೇಕಾಯಿತು.

ಹಳೇ ಟೇಪು
ಬೆಸುಗೆ ಕಡ್ಡಿಯವರು ಹೇಳಿದ್ದು ಸರಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಚಿಪ್ಪಿನಲ್ಲಿ ಜಾಗ ಒಂದೇ ಅಳತೆ. ರೆಸಿಸ್ಟರ್ ಬದಲಿಸಿದರೆ ಜಾಗ ಬೆಳೆಯುವುದಿಲ್ಲ, ಒಳಗಿನ ಗಡಿಯಾರ ನಿಧಾನವಾಗುತ್ತದೆ ಅಷ್ಟೆ. 80 ಕಿಲೋ ಓಮ್ ಹಾಕಿದರೆ ಸೆಕೆಂಡಿಗೆ 8000 ಸ್ಯಾಂಪಲ್ (ದನಿಯ ಒಂದೊಂದು ಕ್ಷಣದ ಅಳತೆ), 8 ಸೆಕೆಂಡ್. 100 ಹಾಕಿದರೆ 6400, 10 ಸೆಕೆಂಡ್. 200 ಹಾಕಿದರೆ ಬರೀ 3200, 20 ಸೆಕೆಂಡ್. ಯಾವುದನ್ನೇ ಗುಣಿಸಿ ನೋಡಿ, 64,000 ಬರುತ್ತದೆ. ಅಷ್ಟೇ ಹಿಟ್ಟು, ನೀವು ದೋಸೆ ತೆಳ್ಳಗೆ ಹುಯ್ದಿದ್ದೀರಿ.

ಸೆಕೆಂಡಿಗೆ 3200 ಸ್ಯಾಂಪಲ್ ತೆಗೆದರೆ ಅದರ ಅರ್ಧ, ಅಂದರೆ 1600 ಹರ್ಟ್ಜ್‌ಗಿಂತ ಮೇಲಿನ ಸದ್ದು ಉಳಿಯುವುದೇ ಇಲ್ಲ. ಚಿಪ್ಪಿನ ಒಳಗಿನ ಫಿಲ್ಟರ್ ಇನ್ನೂ ಮುಂಚೆಯೇ ಕತ್ತರಿಸುತ್ತದೆ. ಡೇಟಾಶೀಟ್ (ಕಂಪನಿ ಕೊಡುವ ಚಿಪ್ಪಿನ ವಿವರ ಪತ್ರ) ಪ್ರಕಾರ 20 ಸೆಕೆಂಡಿಗೆ 1.3 ಕಿಲೋಹರ್ಟ್ಜ್, 8 ಸೆಕೆಂಡಿಗೆ 3.4. "ಸ"ಕಾರದ ಸುಯ್ ಅನ್ನುವ ಸದ್ದು ಇರುವುದೇ ಸುಮಾರು 4 ಕಿಲೋಹರ್ಟ್ಜ್‌ನಿಂದ ಮೇಲೆ. ಅದು ಹೋದ ಮೇಲೆ ಉಳಿಯುವುದು ಒಂದು ಉಸಿರು ಮತ್ತು "ಆಕು". ಅಮ್ಮ ಅದನ್ನು "ಹಾಕು" ಅಂದುಕೊಂಡರೆ ತಪ್ಪೇನಿದೆ?

ನಿಮಗೆ ಮಾತ್ರ ಸರಿ ಕೇಳಿಸುವುದಕ್ಕೂ ಕಾರಣ ಇದೆ. ಏನು ಹೇಳಿದ್ದೀರಿ ಅಂತ ನಿಮಗೆ ಮೊದಲೇ ಗೊತ್ತು. ರೆಕಾರ್ಡ್ ಮಾಡಿದವರ ಕಿವಿಯನ್ನು ಪರೀಕ್ಷೆಗೆ ಕೂರಿಸಲೇಬಾರದು.

ಅಕ್ಷರ ಶ್ರುತಿ
ನಾನು ಸರ್ಕ್ಯೂಟಿನವಳಲ್ಲ, ಭಾಷಾ ಪಾಠ ಮಾಡುವವಳು. ಒಂದು ಮಾತು ಸೇರಿಸುತ್ತೇನೆ. 1.3 ಕಿಲೋಹರ್ಟ್ಜ್‌ಗೆ ಕತ್ತರಿಸಿದರೆ "ಸ" ಒಂದೇ ಹೋಗುವುದಲ್ಲ. "ಈ" ಮತ್ತು "ಊ" ಕೂಡ ಹತ್ತಿರ ಬಂದುಬಿಡುತ್ತವೆ. ಎರಡಕ್ಕೂ ಕೆಳಗಿನ ಅನುರಣನೆ ಸುಮಾರು 300 ಹರ್ಟ್ಜ್‌ನಲ್ಲೇ ಇದೆ. "ಈ" ಅನ್ನು "ಈ" ಮಾಡುವ ಮೇಲಿನ ಅನುರಣನೆ 2000 ದಾಟಿದ ಮೇಲೆ ಸಿಗುತ್ತದೆ, ಅದನ್ನು ನಿಮ್ಮ ಚಿಪ್ ಎಸೆದುಬಿಟ್ಟಿದೆ. ಹಾಗಾಗಿ "ನೀರು ತುಂಬಿದೆ" ಅನ್ನುವುದು "ನೂರು ತುಂಬಿದೆ" ಅಂತ ಕೇಳಿಸಿದರೂ ಆಶ್ಚರ್ಯವಿಲ್ಲ.

ಮೇಲ್ಮಹಡಿ
ಮೇಡಂ, ಈಗ ಎಲ್ಲ ತಿಳಿಯಿತು! ತಂಗಿ ವಾರದಿಂದ "ಯಾರಿಗೆ ನೂರು ತುಂಬಿತು?" ಅಂತ ರೇಗಿಸುತ್ತಿದ್ದಳು. ಸುಮ್ನೆ ತಮಾಷೆ ಅಂದುಕೊಂಡಿದ್ದೆ.

ನೇರ ಮಾತು
ಹಳೇ ಟೇಪು ಸರ್, ಒಂದು ತಿದ್ದುಪಡಿ. ಜಾಗ ಕಡಿಮೆ ಇರುವುದು ನಿಜ, ಆದರೆ ಒಳಗಿರುವುದು ಮಾಮೂಲಿ 8 ಬಿಟ್ ಡಿಜಿಟಲ್ ರೆಕಾರ್ಡಿಂಗ್ ತಾನೆ? ದನಿಯನ್ನು ಅಂಕಿ ಮಾಡುವ ಎಡಿಸಿ, ಮೆಮೊರಿ, ಅಂಕಿಯನ್ನು ಮತ್ತೆ ದನಿ ಮಾಡುವ ಡಿಎಸಿ. ಎಲ್ಲರಲ್ಲೂ ಇರುವುದೇ.

ಹಳೇ ಟೇಪು
ಅಲ್ಲ. ಈ ಚಿಪ್ಪಿನ ಸೊಗಸೇ ಅಲ್ಲಿರುವುದು. ಎಡಿಸಿ ಇಲ್ಲವೇ ಇಲ್ಲ. ಮೈಕಿನಿಂದ ಬಂದ ವೋಲ್ಟೇಜನ್ನು ಹಾಗೆಯೇ ಒಂದು ಇಇಪ್ರಾಮ್ (ಕರೆಂಟ್ ಹೋದರೂ ಮರೆಯದ ಮೆಮೊರಿ) ಸೆಲ್ಲಿನಲ್ಲಿ ವಿದ್ಯುದಂಶವಾಗಿ ತುಂಬಿಸುತ್ತದೆ. ಸಾಮಾನ್ಯ ಮೆಮೊರಿ ಸೆಲ್ "ಇದೆ" ಅಥವಾ "ಇಲ್ಲ" ಅಂತ ಎರಡೇ ಹೇಳಿದರೆ, ಇದು ಅರ್ಧ ಇದೆ, ಕಾಲು ಇದೆ, ಮುಕ್ಕಾಲಿಗೆ ಸ್ವಲ್ಪ ಕಡಿಮೆ ಇದೆ ಅಂತ ಹೇಳುತ್ತದೆ. ಸುಮಾರು 256 ಮಟ್ಟದವರೆಗೆ ಗುರುತಿಸಬಹುದು. ಬೇರೆ ಕಡೆ ಎಂಟು ಸೆಲ್ ಬೇಕಾಗುವ ಕೆಲಸ ಇಲ್ಲಿ ಒಂದರಲ್ಲೇ ಆಗುತ್ತದೆ.

1990ರ ದಶಕದ ಶುರುವಿನಲ್ಲಿ ಮೆಮೊರಿ ತುಂಬಾ ದುಬಾರಿ. ಆಗ ಇದು ದೊಡ್ಡ ಜಾಣತನ. ಮಾಡಿದ ಕಂಪನಿಯ ಹೆಸರೇ ಐಎಸ್‌ಡಿ. 1998ರಲ್ಲಿ ವಿನ್‌ಬಾಂಡ್ ಅದನ್ನು ಕೊಂಡಿತು, ಈಗ ಆ ಸಾಲು ನುವೊಟನ್ ಹೆಸರಿನಲ್ಲಿದೆ.

ನೇರ ಮಾತು
ಸರಿ, ಸೋತೆ. ಆದರೆ ಡೇಟಾಶೀಟಿನಲ್ಲಿ "100 ವರ್ಷ ಉಳಿಯುತ್ತದೆ" ಅಂತ ಬರೆದಿದ್ದಾರಲ್ಲ, ಅದನ್ನು ಯಾರು ಕಾದು ನೋಡಿದರು?

ಹಳೇ ಟೇಪು
ಯಾರೂ ಇಲ್ಲ. ಬಿಸಿ ಮಾಡಿ, ಸೆಲ್ಲಿನಿಂದ ವಿದ್ಯುದಂಶ ಸೋರುವ ವೇಗ ಅಳೆದು, ಲೆಕ್ಕ ಹಾಕುತ್ತಾರೆ. ಲೆಕ್ಕ ಅಂತಲೇ ನಂಬಿ, ಆಣೆ ಅಂತಲ್ಲ.

ಕರಿ ಮಚ್ಚೆ
100 ಗೊತ್ತಿಲ್ಲ, ನನ್ನ ಹತ್ತಿರ ಹದಿನೆಂಟು ವರ್ಷದ್ದು ಒಂದಿದೆ. ಗುಂಡಿ ಒತ್ತಿದರೆ ಮಾತಾಡುವ ಆಟಿಕೆ. ಒಳಗೆ ಕರಿ ಅಂಟು ಮೆತ್ತಿದ ಚಿಪ್, ಮೇಲೆ ಹೆಸರೂ ಇಲ್ಲ, ನಂಬರೂ ಇಲ್ಲ. ಬ್ಯಾಟರಿ ಸೋರಿ ಸ್ಪ್ರಿಂಗ್ ಎಲ್ಲ ಹಸಿರಾಗಿತ್ತು. ಉಜ್ಜಿ ಹೊಸ ಸೆಲ್ ಹಾಕಿದೆ. "ನನ್ನ ರೂಮಿಗೆ ಯಾರೂ ಬರಬೇಡಿ" ಅಂತ ಒಂದು ಸಣ್ಣ ಕೀರಲು ದನಿ. ನಾನೇ! ಹನ್ನೊಂದು ವರ್ಷದವನು, ಗಂಟಲು ಒಡೆಯುವ ಮುಂಚಿನದು.

ಇಂಥ ಆಟಿಕೆ ಕೈಗೆ ಸಿಕ್ಕವರು ಮೊದಲು ಒಂದು ಕೆಲಸ ಮಾಡಿ: ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಬೆಸುಗೆ ಹಾಕಿ, ಬಿಚ್ಚಿ, ಏನಾದರೂ ಮಾಡಿ. ನಮ್ಮಣ್ಣ ತನ್ನ ಆಟಿಕೆಯ ಗುಂಡಿಗಳಲ್ಲಿ ಯಾವುದು ರೆಕಾರ್ಡು, ಯಾವುದು ಪ್ಲೇ ಅಂತ ಮರೆತು ಒತ್ತಿದ. ಈಗ ಅದರಲ್ಲಿರುವುದು "ಅಯ್ಯೋ" ಮಾತ್ರ.

ಪಿನ್ ಹದಿಮೂರು
ಆ "ಅಯ್ಯೋ" ನಾನೂ ಅಂದಿದ್ದೇನೆ, ಬೇರೆ ಥರ. ಆರ್ಡುಯಿನೋ ಊನೋಗೆ (ಕೋಡ್ ಬರೆದು ನಡೆಸುವ ಮೈಕ್ರೋಕಂಟ್ರೋಲರ್ ಬೋರ್ಡು) ಇದೇ 1820 ಜೋಡಿಸಿದ್ದೆ. ಪ್ಲೇ ಪಿನ್ 12ಕ್ಕೆ, ರೆಕಾರ್ಡ್ ಪಿನ್ 13ಕ್ಕೆ. ಬೆಳಿಗ್ಗೆ ರೆಕಾರ್ಡ್ ಮಾಡಿದ್ದು ಸಂಜೆ ಇರುತ್ತಿರಲಿಲ್ಲ. ಬರೀ ಟಕ್ ಅಂತ ಒಂದು ಸದ್ದು. ಮೂರು ಮಾಡ್ಯೂಲ್ ಬದಲಿಸಿದೆ. ಎಲ್ಲವೂ ನಕಲಿ ಮಾಲು ಅಂತ ಬೈದೆ.

ಆಮೇಲೆ ಗೊತ್ತಾಯಿತು. ಪವರ್ ಕೊಟ್ಟಾಗ, ರಿಸೆಟ್ ಆದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ, ಅಂದರೆ ಬೂಟ್‌ಲೋಡರ್ 13ನೇ ಪಿನ್ನಿನ ಎಲ್‌ಇಡಿಯನ್ನು ಮಿನುಗಿಸುತ್ತದೆ. ನನ್ನ ಕೋಡ್ ಶುರುವಾಗುವ ಮುಂಚೆಯೇ! ಈ ಚಿಪ್ಪಿಗೆ ರೆಕಾರ್ಡ್ ಪಿನ್ನಿನ ವೋಲ್ಟೇಜ್ ಮೇಲೆ ಎದ್ದರೆ ಸಾಕು, ಪ್ಲೇ ಆಗುತ್ತಿದ್ದರೂ ಬಿಟ್ಟು ರೆಕಾರ್ಡಿಗೆ ಹೋಗುತ್ತದೆ. ಹಾಗಾಗಿ ಪ್ರತಿ ಸಲ ಆನ್ ಮಾಡಿದಾಗಲೂ ಹಳೆಯದರ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಮೌನ ರೆಕಾರ್ಡ್ ಆಗುತ್ತಿತ್ತು. ಅವತ್ತಿನಿಂದ ಈ ಹೆಸರು ಇಟ್ಟುಕೊಂಡೆ.

ಬೆಸುಗೆ ಕಡ್ಡಿ
ಅದಕ್ಕೇ ಹೇಳುವುದು, ರೆಕಾರ್ಡ್ ಪಿನ್ನನ್ನು ಮೈಕ್ರೋಕಂಟ್ರೋಲರಿಗೆ ಕೊಡಲೇಬೇಡಿ. ಕೈಯಲ್ಲಿ ಒತ್ತುವ ಗುಂಡಿ ಇರಲಿ. ಪಿನ್ನಿನಿಂದ ಗ್ರೌಂಡಿಗೆ 10 ಕಿಲೋ ಓಮ್ ಹಾಕಿ, ಗುಂಡಿ ಒತ್ತದಾಗ ಪಿನ್ ಕೆಳಗೇ ಇರುತ್ತದೆ. ಚಿಪ್ಪಿನ ಒಳಗೆ ಕೆಳಕ್ಕೆಳೆಯುವ ವ್ಯವಸ್ಥೆ ಇದೆ, ಆದರೆ ಮೋಟಾರಿನ ಕೇಬಲ್ ಪಕ್ಕದಲ್ಲಿ ಉದ್ದದ ವೈರ್ ಎಳೆದರೆ ಅದನ್ನು ನೆಚ್ಚಿಕೊಳ್ಳಬೇಡಿ.

ಐನೂರೈವತ್ತೈದು
ಮೇಲ್ಮಹಡಿಯವರೇ, ಫ್ಲೋಟ್ ಸ್ವಿಚ್ ಯಾವ ಪಿನ್ನಿಗೆ ಕೊಟ್ಟಿದ್ದೀರಿ? ಪ್ಲೇ-ಇ ಗಾ, ಪ್ಲೇ-ಎಲ್ ಗಾ?

ಮೇಲ್ಮಹಡಿ
ಪ್ಲೇ-ಎಲ್. ಅದೊಂದು ತಲೆನೋವು ಹೇಳುವುದನ್ನೇ ಮರೆತೆ. ಒಂದೊಂದು ಸಲ "ನೀ... ನೀ... ನೀರು ತುಂ... ನೀರು..." ಅಂತ ತೊದಲುತ್ತದೆ.

ಐನೂರೈವತ್ತೈದು
ಅಂದುಕೊಂಡೆ. ಪ್ಲೇ-ಎಲ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮಾತಾಡುತ್ತದೆ. ಬಿಟ್ಟರೆ ನಿಲ್ಲಿಸುತ್ತದೆ, ಮತ್ತೆ ಒತ್ತಿದರೆ ಮೊದಲಿನಿಂದ ಶುರು. ಟ್ಯಾಂಕಿನಲ್ಲಿ ನೀರು ಅಲೆಯಾಡಿದಾಗ ನಿಮ್ಮ ಫ್ಲೋಟ್ ಮೇಲೆ ಕೆಳಗೆ ಕುಣಿಯುತ್ತದೆ, ಡಬ್ಬಿ ತೊದಲುತ್ತದೆ. ಪ್ಲೇ-ಇ ಗೆ ಕೊಡಿ. ಅದಕ್ಕೆ ಒಂದು ತಳ್ಳು ಸಾಕು, ಮೆಸೇಜ್ ಮುಗಿಯುವವರೆಗೆ ತಾನೇ ಹೇಳಿ ನಿದ್ದೆಗೆ ಹೋಗುತ್ತದೆ. ಮತ್ತೆ ಮತ್ತೆ ಹೇಳಬೇಕಾದರೆ ಮಧ್ಯೆ ಒಂದು 555 ಟೈಮರ್ ಚಿಪ್ ಇಟ್ಟು ನಿಮಿಷಕ್ಕೊಂದು ಪಲ್ಸ್ ಕೊಡಿ.

ಸುಮ್ನೆ ಓದೋನು
ಹೆಸರಿಗೆ ತಕ್ಕ ಸಲಹೆ. ಇವರು ಎಲ್ಲ ಪ್ರಶ್ನೆಗೂ 555 ಅಂತಲೇ ಉತ್ತರ ಕೊಡುತ್ತಾರೆ.

ಐನೂರೈವತ್ತೈದು
ತಪ್ಪಿದ್ದರೆ ತೋರಿಸಿ ಗುರು.

ದನಿ ಬೇಕಿತ್ತು
ವಿಷಯ ಸ್ವಲ್ಪ ಬೇರೆ, ಆದರೂ ಕೇಳುತ್ತೇನೆ. ಅಪ್ಪನಿಗೆ ಪಾರ್ಶ್ವವಾಯು ಆಗಿ ಮಾತು ಹೋಗಿದೆ. ಬಲಗೈ ಆಡುತ್ತದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ. ನಾಲ್ಕು ದೊಡ್ಡ ಗುಂಡಿ ಇಟ್ಟು "ನೀರು", "ಬಾ", "ನೋವು", "ಬೇಡ" ಅಂತ ಮಾತಾಡುವ ಡಬ್ಬಿ ಮಾಡಬೇಕು. 1820ರಲ್ಲಿ ಒಂದೇ ಮೆಸೇಜ್ ಅಲ್ವಾ?

ಹಳೇ ಟೇಪು
ಹೌದು, ಒಂದೇ. ನಾಲ್ಕು ಮಾಡ್ಯೂಲ್ ಪಕ್ಕಪಕ್ಕ ಇಟ್ಟರೂ ತಪ್ಪಿಲ್ಲ, ಒಂದು ಕೆಟ್ಟರೆ ಮೂರು ಉಳಿಯುತ್ತವೆ. ಒಂದೇ ಚಿಪ್ ಬೇಕಾದರೆ ಎಪಿಆರ್ 9600 ನೋಡಿ. 32 ರಿಂದ 60 ಸೆಕೆಂಡ್, ಅದನ್ನು ಎರಡು, ನಾಲ್ಕು ಅಥವಾ ಎಂಟು ಮೆಸೇಜಾಗಿ ಹಂಚಬಹುದು. ಪ್ರತಿ ಮೆಸೇಜಿಗೂ ಬೇರೆ ಪಿನ್, ಮೈಕ್ರೋಕಂಟ್ರೋಲರ್ ಬೇಡ. ನೀವು 32 ಸೆಕೆಂಡಿನಲ್ಲೇ ಇಡಿ, ನಾಲ್ಕು ಭಾಗ ಮಾಡಿದರೆ ಒಂದೊಂದಕ್ಕೆ 8. ಧಾರಾಳ.

ಅಕ್ಷರ ಶ್ರುತಿ
ಪದಗಳನ್ನು ಚೂರು ಉದ್ದ ಮಾಡಿ. "ಬಾ" ಒಂದೇ ಅಕ್ಷರ, ಶುರು ತಪ್ಪಿದರೆ ಏನೂ ಉಳಿಯುವುದಿಲ್ಲ. "ಇಲ್ಲಿ ಬಾ" ಅನ್ನಿ. "ನೋವು", "ಬೇಡ" ಚೆನ್ನಾಗಿವೆ. ಮತ್ತೆ ಅಪ್ಪ ಮನೆಯಲ್ಲಿ ಮಾತಾಡುತ್ತಿದ್ದ ರೀತಿಯಲ್ಲೇ ಇರಲಿ. ಅವರು "ನೀರು ಕೊಡೇ" ಅನ್ನುತ್ತಿದ್ದರೆ ಹಾಗೇ ರೆಕಾರ್ಡ್ ಮಾಡಿ. ಪುಸ್ತಕದ ಮಾತು ಬೇಡ.

ದನಿ ಬೇಕಿತ್ತು
"ಏ, ನೀರು" ಅನ್ನುತ್ತಿದ್ದರು. ಅಣ್ಣನ ದನಿ ಹೆಚ್ಚು ಕಮ್ಮಿ ಅಪ್ಪನದೇ. ಅವನಿಂದ ಹೇಳಿಸುತ್ತೇನೆ. ಎಲ್ಲರಿಗೂ ಥ್ಯಾಂಕ್ಸ್.

ನೇರ ಮಾತು
ಯಾರೂ ಹೇಳುತ್ತಿಲ್ಲ, ನಾನೇ ಹೇಳುತ್ತೇನೆ. ಇವತ್ತಿನ ಕಾಲಕ್ಕೆ ಡಿಎಫ್‌ಪ್ಲೇಯರ್ ಮಿನಿ ಇರುವಾಗ ಈ ಹಳೇ ಚಿಪ್ ಯಾಕೆ? ಮೈಕ್ರೋಎಸ್‌ಡಿ ಕಾರ್ಡ್, 32 ಜಿಬಿ ವರೆಗೆ, ಎಂಪಿ3, ಒಳಗೇ ಆಂಪ್ಲಿಫೈಯರ್. "ಸ", "ಶ", "ಷ" ಎಲ್ಲ ಸ್ಪಷ್ಟ.

ಬೆಸುಗೆ ಕಡ್ಡಿ
ರೆಕಾರ್ಡ್ ಮಾಡುತ್ತದಾ?

ನೇರ ಮಾತು
ಇಲ್ಲ, ಕಂಪ್ಯೂಟರಿನಲ್ಲಿ ಮಾಡಿ ಕಾರ್ಡಿಗೆ ಹಾಕಬೇಕು.

ಬೆಸುಗೆ ಕಡ್ಡಿ
ಅಷ್ಟೇ ಕೇಳಬೇಕಿತ್ತು. ಗುಂಡಿ ಒತ್ತಿ, ಮಾತಾಡಿ, ಬಿಡಿ. ಮನೆಯ ಯಾರು ಬೇಕಾದರೂ ಮಾಡುವ ಕೆಲಸ ಇದು. ಕೆಲಸ ಇಲ್ಲದಾಗ 1820 ಎಳೆಯುವ ಕರೆಂಟ್ ಒಂದು ಮೈಕ್ರೋಆಂಪ್‌ಗಿಂತ ಕಡಿಮೆ, ಬ್ಯಾಟರಿ ಹಾಕಿ ಮರೆತುಬಿಡಬಹುದು. ನೂರು ಹಾಡು ಬೇಕಾದರೆ ಡಿಎಫ್‌ಪ್ಲೇಯರ್, ಒಂದು ಮಾತು ಬೇಕಾದರೆ ಇದು.

ಹಳೇ ಟೇಪು
ಹಳೇ ಚಿಪ್ ಅಂದಿದ್ದಕ್ಕೆ ನೆನಪಾಯಿತು. ಐಎಸ್‌ಡಿ 2560 ಅಂತ ಇತ್ತು, 28 ಕಾಲು, 60 ಸೆಕೆಂಡ್, 600 ತುಂಡು. ಅಡ್ರೆಸ್ ಪಿನ್ ಕೊಟ್ಟು ಯಾವ ತುಂಡಿನಿಂದ ಬೇಕಾದರೂ ಶುರು ಮಾಡಬಹುದು. ಅದರಲ್ಲಿ ಕನ್ನಡದಲ್ಲಿ ಅಂಕಿ ಹೇಳುವ ಥರ್ಮಾಮೀಟರ್ ಮಾಡಲು ಹೋದೆ. "ಇಪ್ಪತ್ತು" ಒಂದು ತುಂಡು, "ಮೂರು" ಒಂದು ತುಂಡು. ಜೋಡಿಸಿದರೆ "ಇಪ್ಪತ್ತು... ಮೂರು". ಯಾರಾದರೂ ಹಾಗೆ ಹೇಳುತ್ತಾರಾ? "ಇಪ್ಪತ್ತು... ಒಂದು" ಅಂತೂ ಕೇಳಲಾಗುವುದಿಲ್ಲ.

ಅಕ್ಷರ ಶ್ರುತಿ
ಸಂಧಿ ಬಿಡಿಸಿದರೆ ಹಾಗೇ ಆಗುವುದು. ಏನು ಮಾಡಿದಿರಿ?

ಹಳೇ ಟೇಪು
ತಿಂಗಳು ಒದ್ದಾಡಿದ ಮೇಲೆ ಹೊಳೆಯಿತು. ಒತ್ತಕ್ಷರದ ನಡುವೆ ಕತ್ತರಿಸಬೇಕು. "ತ್ತ" ಅನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿಕೊಂಡು ಕ್ಷಣ ಕಾಲ ಸದ್ದೇ ಇರುವುದಿಲ್ಲ. ಆ ಮೌನದಲ್ಲಿ ಬೆಸುಗೆ ಹಾಕಿದರೆ ಗೊತ್ತೇ ಆಗುವುದಿಲ್ಲ. "ಇಪ್ಪತ್" ಒಂದು ತುಂಡು. "ತೊಂದು", "ತೆರಡು", "ತಮೂರು", "ತನಾಲ್ಕು", "ತೈದು"... ಹೀಗೆ ಬಾಲಗಳು. ಮೂವತ್ತು, ನಲವತ್ತು, ತೊಂಬತ್ತರವರೆಗೆ ಎಲ್ಲವೂ "ತ್ತು" ಅಂತಲೇ ಮುಗಿಯುವುದರಿಂದ ಅದೇ ಬಾಲ ಎಲ್ಲದಕ್ಕೂ ಹೊಂದುತ್ತದೆ. ಎಂಟು ತಲೆ, ಒಂಬತ್ತು ಬಾಲ, ಬರಿಯ "ತು" ಒಂದು, 1 ರಿಂದ 19 ಬೇರೆ. ಒಟ್ಟು 37 ತುಂಡಿನಲ್ಲಿ 99ರವರೆಗೆ ಎಣಿಸುತ್ತಿತ್ತು.

ಅಕ್ಷರ ಶ್ರುತಿ
36 ಸಾಕು. ಇಪ್ಪತ್ತೊಂಬತ್ತರ ಬಾಲ "ತೊಂಬತ್ತು". ಅದು ನಿಮ್ಮ ಹತ್ತಿರ ಆಗಲೇ ಇದೆ: "ತೊಂಬತ್" ಮತ್ತು "ತು".

ಹಳೇ ಟೇಪು
ಛೆ! ಇಷ್ಟು ವರ್ಷ ಆದ ಮೇಲೆ ಒಂದು ತುಂಡು ಉಳಿಯಿತು. ಮೇಡಂ, ನೀವು ಆಗ ಎಲ್ಲಿದ್ದಿರಿ?

ಪಿನ್ ಹದಿಮೂರು
ಟ್ಯಾಂಕ್ ತುಂಬಿ ಹರಿಯುತ್ತಿದೆ, ಇಲ್ಲಿ ವ್ಯಾಕರಣ ಪಾಠ. ಮೇಲ್ಮಹಡಿಯವರು ಇದ್ದಾರಾ?

ಮೇಲ್ಮಹಡಿ
ಇದ್ದೇನೆ. ಬೆಸುಗೆ ಹಾಕುತ್ತಿದ್ದೆ. 200 ತೆಗೆದು 80 ಹಾಕಿದೆ. ಆದರೆ ಈಗ ಆನ್ ಮಾಡಿದರೆ ಇಲಿ ಕಿರುಚಿದ ಹಾಗೆ ಗಡಿಬಿಡಿಯಲ್ಲಿ ಏನೋ ಹೇಳಿ ಮುಗಿಸುತ್ತದೆ. ಚಿಪ್ ಸುಟ್ಟೆನಾ?

ಬೆಸುಗೆ ಕಡ್ಡಿ
ಇಲ್ಲ ಇಲ್ಲ. ಒಳಗಿರುವುದು ಹಳೇ ರೆಕಾರ್ಡಿಂಗ್. ನಿಧಾನ ಗಡಿಯಾರದಲ್ಲಿ ತುಂಬಿದ್ದನ್ನು ಎರಡೂವರೆ ಪಟ್ಟು ವೇಗದಲ್ಲಿ ಓದುತ್ತಿದೆ. ಹೊಸದಾಗಿ ರೆಕಾರ್ಡ್ ಮಾಡಿ, ಸರಿಹೋಗುತ್ತದೆ.

ಹಾಗೇ ಇನ್ನೆರಡು ಮಾತು. ಬಾಯಿ ಮೈಕಿನಿಂದ ಒಂದು ಗೇಣು ದೂರ ಇರಲಿ, ಫ್ಯಾನ್ ಆಫ್ ಮಾಡಿ. ಒಳಗೆ ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ಎಜಿಸಿ ನೀವು ಸುಮ್ಮನಿದ್ದಾಗ ಫ್ಯಾನಿನ ಸದ್ದನ್ನೇ ಎತ್ತಿ ದೊಡ್ಡದು ಮಾಡುತ್ತದೆ. ಮುಂದೆ ದೊಡ್ಡ ಆಂಪ್ಲಿಫೈಯರ್ ಸೇರಿಸುವುದಾದರೆ ಸ್ಪೀಕರಿನ ಎರಡು ತುದಿಯಲ್ಲಿ ಯಾವುದನ್ನೂ ಗ್ರೌಂಡಿಗೆ ತಾಗಿಸಬೇಡಿ, ಎರಡೂ ಕಡೆ ಸಿಗ್ನಲ್ ಇರುತ್ತದೆ. ಒಂದು ತುದಿಯಿಂದ ಕೆಪಾಸಿಟರ್ ಮೂಲಕ ತೆಗೆದುಕೊಳ್ಳಿ, ಇನ್ನೊಂದನ್ನು ಹಾಗೇ ಬಿಡಿ.

ಅಕ್ಷರ ಶ್ರುತಿ
80 ಹಾಕಿದರೂ 3.4 ಕಿಲೋಹರ್ಟ್ಜ್ ಅಂದರೆ ಹಳೇ ಟೆಲಿಫೋನಿನಷ್ಟೇ. ಫೋನಿನಲ್ಲಿ ಹೆಸರು ಹೇಳುವಾಗ "ಸ, ಸರಸ್ವತಿಯ ಸ" ಅಂತ ಬಿಡಿಸಿ ಹೇಳುತ್ತಿದ್ದುದು ಸುಮ್ನೆ ಅಲ್ಲ. ಆದ್ದರಿಂದ ಚಿಪ್ಪನ್ನು ಬೈಯುವ ಬದಲು ಮಾತನ್ನೇ ಬದಲಿಸಿ. "ಸಾಕು" ಬೇಡ, "ನಿಲ್ಲಿಸು"ವಿನಲ್ಲೂ "ಸು" ಇದೆ. "ತುಂಬಿತು, ಬಂದ್ ಮಾಡು" ಅನ್ನಿ. ಬ, ದ, ಮ, ಡ, ಅನುಸ್ವಾರ, ಎಲ್ಲ ಕೆಳ ದನಿಯಲ್ಲಿ ಗಟ್ಟಿಯಾಗಿ ನಿಲ್ಲುವವು. ಕೆಟ್ಟ ಸ್ಪೀಕರಿನಲ್ಲೂ ಅದು "ಹಾಕು" ಆಗುವುದಿಲ್ಲ.

ನೇರ ಮಾತು
ಇದು ಸರಿಯಾದ ಮಾತು. ರೆಸಿಸ್ಟರಿಗಿಂತ ನಿಘಂಟು ಅಗ್ಗ.

ಮೇಲ್ಮಹಡಿ
ವರದಿ ಒಪ್ಪಿಸುತ್ತಿದ್ದೇನೆ. 80 ಕಿಲೋ ಓಮ್, ಪ್ಲೇ-ಇ, ರೆಕಾರ್ಡ್ ಗುಂಡಿಗೆ 10 ಕಿಲೋ ಓಮ್, ಎಲ್ಲ ಮುಗಿಯಿತು. ಮೆಸೇಜ್ ಮೂರೇ ಸೆಕೆಂಡ್. 20 ಯಾಕೆ ಬೇಕು ಅಂದುಕೊಂಡಿದ್ದೆನೋ ದೇವರಿಗೇ ಗೊತ್ತು.

ಅಮ್ಮ "ನಿನ್ನ ದನಿ ನನಗೆ ತಿಳಿಯುವುದಿಲ್ಲ, ನಾನೇ ಹೇಳುತ್ತೇನೆ" ಅಂದರು. ಸರಿ ಅಂತ ಗುಂಡಿ ಒತ್ತಿ ಹಿಡಿದು ಸನ್ನೆ ಮಾಡಿದೆ. ಈಗ ಟ್ಯಾಂಕ್ ತುಂಬಿದಾಗಲೆಲ್ಲ ಡಬ್ಬಿ ಹೇಳುವುದು: "ಈಗ ಮಾತಾಡ್ಲೇನೋ? ಹ್ಞಾ... ತುಂಬ್ತು, ಬಂದ್ ಮಾಡು!" ಪಕ್ಕದ ರೂಮಿನಲ್ಲಿ ತಂಗಿಗೆ ಒಂದಕ್ಷರ ತಪ್ಪದೆ ಕೇಳಿಸಿತು. ಮತ್ತೆ ರೆಕಾರ್ಡ್ ಮಾಡೋಣ ಅಂದರೆ ಇಬ್ಬರೂ ಬೇಡ ಅನ್ನುತ್ತಿದ್ದಾರೆ.

ಕರಿ ಮಚ್ಚೆ
ಈಗಲೇ ಫೋನಿಗೆ ಒಂದು ಕಾಪಿ ಮಾಡಿಕೊಳ್ಳಿ.

ಪಿನ್ ಹದಿಮೂರು
ಕಾಪಿ ಆದ ಮೇಲೆ ರೆಕಾರ್ಡ್ ಗುಂಡಿಯ ವೈರ್ ಕತ್ತರಿಸಿಬಿಡಿ. ಅನುಭವದ ಮಾತು.

ಮೇಲ್ಮಹಡಿ
ಕತ್ತರಿಸಿದೆ. ಗುಂಡಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ತಂಗಿ ಒತ್ತಿ ಒತ್ತಿ ನೋಡಲಿ ಅಂತ.